ಕಾಶವ್ವನ ಕಾರ್ಡಿನ ಕಣ್ಣು

ನನಗೆ ಅನುಮಾನ ಜಾಸ್ತಿ. ಇದನ್ನು ನಾನೇ ಮೊದಲು ಹೇಳಿಬಿಡುವುದು ಒಳ್ಳೆಯದು, ಇಲ್ಲದಿದ್ದರೆ ಬೇರೆಯವರು ಉಪ್ಪುಖಾರ ಹಚ್ಚಿ ಹೇಳುತ್ತಾರೆ. ಧಾರವಾಡದ ಸುತ್ತಮುತ್ತ ಹನ್ನೊಂದು ವರ್ಷ ಕರೆಂಟ್ ಮೀಟರುಗಳ ತಪಾಸಣೆ ಮಾಡಿದವಳು ನಾನು. ಮೀಟರಿಗೆ ಅಯಸ್ಕಾಂತ ಅಂಟಿಸಿದವರು, ಕಂಬದಿಂದ ನೇರ ತಂತಿ ಎಳೆದವರು, ದೇವರ ಫೋಟೋದ ಹಿಂದೆ ಸ್ವಿಚ್ಚು ಬಚ್ಚಿಟ್ಟವರು, ಎಲ್ಲರನ್ನೂ ಹಿಡಿದಿದ್ದೇನೆ. ಒಬ್ಬರನ್ನೂ ಬಿಟ್ಟಿಲ್ಲ. ನನ್ನ ಸೋದರಮಾವನ ಮನೆಯ ಮೀಟರನ್ನೂ ಬಿಟ್ಟಿಲ್ಲ. ಆತ ಸಾಯುವತನಕ ನನ್ನ ಜೊತೆ ಮಾತಾಡಲಿಲ್ಲ.

ಮೀಟರುಗಳು ತಮ್ಮ ಲೆಕ್ಕವನ್ನು ತಾವೇ ಕಚೇರಿಗೆ ಕಳಿಸಲು ಶುರುಮಾಡಿದ ಮೇಲೆ ನಮ್ಮಂಥವರ ಕೆಲಸ ಹೋಯಿತು. ನಲವತ್ತಾರನೆಯ ವಯಸ್ಸಿನಲ್ಲಿ ತರಬೇತಿ ಮಾಡಿ ಕಣ್ಣಿನ ಯಂತ್ರದ ಮುಂದೆ ಬಂದು ಕೂತೆ. ಹೆಸರು ಪ್ರಫುಲ್ಲಾ ಕರ್ಜಗಿ ಅಂತ ಬಾಗಿಲಿಗೆ ಬೋರ್ಡು ಹಾಕಿಸಿಕೊಂಡರೂ ಹೆಣ್ಣುಮಕ್ಕಳ ಬಾಯಲ್ಲಿ ನಾನು 'ಮೀಟರ್ ಬಾಯಿ'ಯಾಗಿಯೇ ಉಳಿದೆ. ಇರಲಿ ಬಿಡಿ. ಹೆಸರಿಗೇನು, ಕೆಲಸ ಚೊಕ್ಕ ಇದ್ದರಾಯಿತು.

ಆ ಯಂತ್ರವನ್ನು ನಾವು ಕುಳಿಗನ್ನಡಿ ಎನ್ನುತ್ತಿದ್ದೆವು. ಕಣ್ಣಿನ ಹಿಂಗೋಡೆಗೆ ಅಂಟಿದ ತೆಳುವಾದ ಪರದೆಯೇ ರೆಟಿನಾ. ಆ ಪರದೆಯ ನಟ್ಟನಡುವೆ ಒಂದು ಸಣ್ಣ ಕುಳಿ ಇರುತ್ತದೆ. ಅಕ್ಷರ ಓದುವುದು, ಸೂಜಿಗೆ ದಾರ ಪೋಣಿಸುವುದು, ಎದುರಿಗಿದ್ದವರ ಮುಖದ ಗುರುತು ಹಿಡಿಯುವುದು, ಇವೆಲ್ಲ ಆ ಕುಳಿಯ ಕೆಲಸ. ಕಣ್ಣಿನೊಳಗೆ ತುಂಬಿಕೊಂಡಿರುವ ಲೋಳೆ ವಯಸ್ಸಾದಂತೆ ಕುಗ್ಗಿ ಪರದೆಯಿಂದ ಬಿಡಿಸಿಕೊಳ್ಳುತ್ತದೆ. ಬಹಳ ಜನಕ್ಕೆ ಇದು ತಿಳಿಯದಂತೆ ಆಗಿಹೋಗುತ್ತದೆ. ಕೆಲವರಿಗೆ ಮಾತ್ರ, ಅದರಲ್ಲೂ ಐವತ್ತು ದಾಟಿದ ಹೆಂಗಸರಿಗೆ, ಲೋಳೆ ಕುಳಿಯ ಹತ್ತಿರ ಬಿಡದೆ ಹಿಡಿದು ಜಗ್ಗುತ್ತದೆ. ಜಗ್ಗಿ ಜಗ್ಗಿ ಒಂದು ದಿನ ಕುಳಿಯ ತಳ ಹರಿದು ತೂತು ಬೀಳುತ್ತದೆ. ತೂತು ಬಿದ್ದ ಕಣ್ಣಿಗೆ ಅಂಚಿನದೆಲ್ಲ ಕಾಣುತ್ತದೆ; ಯಾವುದನ್ನು ನೋಡಬೇಕೆಂದು ನೋಡುತ್ತೇವೋ ಅದೊಂದು ಕಾಣುವುದಿಲ್ಲ.

ಮೊದಲೆಲ್ಲ ತೂತು ಬಿದ್ದ ಮೇಲೆ ಆಪರೇಷನ್ ಮಾಡಿ, ಒಳಗೆ ಗಾಳಿ ತುಂಬಿ, ದಿನಗಟ್ಟಲೆ ಮುಖ ಕೆಳಗೆ ಹಾಕಿ ಮಲಗಿಸುತ್ತಿದ್ದರು. ಕುಳಿಗನ್ನಡಿ ಬಂದ ಮೇಲೆ ತೂತು ಬೀಳುವ ಮೊದಲೇ ಹೇಳುವ ಕಾಲ ಬಂತು. ಬೆಳಕನ್ನು ಕಣ್ಣೊಳಗೆ ಕಳಿಸಿ, ವಾಪಸು ಬಂದ ಬೆಳಕಿನಿಂದ ಪರದೆಯ ಪದರಗಳನ್ನು ಅಳೆದು, ಕುಳಿಯ ಅಗಲ ಎಷ್ಟು, ಗೋಡೆ ಎಷ್ಟು ಕಡಿದು, ತಳ ಎಷ್ಟು ತೆಳು, ಲೋಳೆ ಎಲ್ಲಿ ಹಿಡಿದಿದೆ ಎಂದು ನೋಡಿ ಯಂತ್ರ ನೂರಕ್ಕೆ ಇಷ್ಟು ಎಂದು ಒಂದು ಅಂಕಿ ಕೊಡುತ್ತಿತ್ತು. ಅಂಕಿ ಅರವತ್ತು ದಾಟಿದರೆ ಕಣ್ಣಿಗೆ ಬಿಡಿಸುವ ಮದ್ದಿನ ಇಂಜೆಕ್ಷನ್ನು. ಅದು ಲೋಳೆಯ ಹಿಡಿತವನ್ನು ಕರಗಿಸುತ್ತದೆ. ಆದರೆ ಜಗ್ಗಾಟವೇ ಇಲ್ಲದ ಒಳ್ಳೆಯ ಕಣ್ಣಿಗೆ ಹಾಕಿದರೆ ಅದೇ ಮದ್ದು ಪರದೆಯನ್ನು ಸಡಿಲಿಸಿ, ಕಣ್ಣು ಕಾಯಂ ಮಬ್ಬಾಗುವುದೂ ಉಂಟು. ಅದಕ್ಕೇ ಅಂಕಿ ತಪ್ಪಬಾರದು.

ನಮ್ಮ ಯಂತ್ರ ಇದ್ದದ್ದು ಸೂಜಿಮನಿ ಎಂಬ ಕಸೂತಿ ಸಂಘದ ಕಟ್ಟಡದಲ್ಲಿ. ನಾನೂರ ಹನ್ನೆರಡು ಮನೆಗಳ ಹೆಣ್ಣುಮಕ್ಕಳು ಅದರ ಸದಸ್ಯರು. 'ಒಂದು ಒಲೆ, ಒಂದು ಕಾರ್ಡು' ಎಂಬುದು ಸಂಘದ ನಿಯಮ. ಒಂದು ಮನೆಯಲ್ಲಿ ಎಷ್ಟೇ ಜನ ಹೊಲಿದರೂ ಕಾರ್ಡು ಒಬ್ಬಳ ಹೆಸರಿನದು. ಸೀರೆ, ದಾರ, ಕಣ್ಣಿನ ತಪಾಸಣೆ, ಮದ್ದು ಎಲ್ಲ ಆ ಕಾರ್ಡಿನ ಮೇಲೆ. ಆರು ತಿಂಗಳಿಗೊಮ್ಮೆ ಕಣ್ಣು ತೋರಿಸಲೇಬೇಕು. ಅಂಕಿ ಅರವತ್ತು ದಾಟಿದವಳು ವಾರದೊಳಗೆ ಮದ್ದು ಹಾಕಿಸಿಕೊಳ್ಳದಿದ್ದರೆ ಕಾರ್ಡು ಬಂದ್. ಒಬ್ಬರ ಕಾರ್ಡಿನಲ್ಲಿ ಇನ್ನೊಬ್ಬರು ಬಂದದ್ದು ಗೊತ್ತಾದರೆ ಆ ಮನೆಗೆ ಮೂರು ವರ್ಷ ಕೆಲಸವಿಲ್ಲ.

ಸೆಪ್ಟೆಂಬರಿನ ಒಂದು ಶನಿವಾರ ಬೆಳಗ್ಗೆ ಡಾಕ್ಟರ್ ನಜೀರ ಬಳಿಗಾರ ಕಂಪ್ಯೂಟರಿನ ಮುಂದೆ ಕೂತು ಹಿಂದಿನ ದಿನದ ಅಂಕಿಗಳನ್ನು ನೋಡುತ್ತಿದ್ದರು. ಮೂವತ್ತನಾಲ್ಕು ವರ್ಷದ ಹುಡುಗ, ಕೈ ಭಾಳ ಚಲೋ. ಆದರೆ ಯಂತ್ರ ಎತ್ತು ಈದಿದೆ ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜಾತಿ.

"ಮೇಡಂ, ಕಾಶವ್ವ ಬೆಟಗೇರಿ ಎಡಗಣ್ಣು ನೋಡ್ರಿ. ಎಪ್ಪತ್ತೆಂಟು! ಇನ್ನ ಇಪ್ಪತ್ತು ದಿನಕ್ಕ, ಭಾಳ ಅಂದ್ರ ತಿಂಗಳಿಗೆ ತೂತು ಬೀಳತದ. ಗುರುವಾರ ಮದ್ದು ಹಾಕೋಣು."

"ಮಾರ್ಚಿನ್ಯಾಗ ಎಷ್ಟಿತ್ತು?"

"ಹನ್ನೊಂದು."

ಹನ್ನೊಂದು ಇದ್ದದ್ದು ಆರು ತಿಂಗಳಲ್ಲಿ ಎಪ್ಪತ್ತೆಂಟು! ಮೀಟರಿನಲ್ಲಿ ಇಂಥ ಜಿಗಿತ ಕಂಡರೆ ನಾನು ಊಟ ಬಿಟ್ಟು ಆ ಮನೆಗೆ ಹೋಗುತ್ತಿದ್ದೆ. ಎರಡೂ ಚಿತ್ರ ತೆಗೆಸಿ ಪಕ್ಕಪಕ್ಕ ಇಟ್ಟುಕೊಂಡೆ. ಮಾರ್ಚಿನದು ಅಗಲವಾದ ತಟ್ಟೆಯಂಥ ಕುಳಿ. ಸೆಪ್ಟೆಂಬರಿನದು ಒರಳಿನ ಗುಂಡಿಯಂತೆ ಕಡಿದಾಗಿತ್ತು. ತಳ ತೆಳ್ಳಗಾಗಿ ಲೋಳೆಯ ಎಳೆಯೊಂದು ಅದನ್ನು ಮೇಲಕ್ಕೆ ಜಗ್ಗಿ ಹಿಡಿದಿತ್ತು.

"ಡಾಕ್ಟ್ರ, ಲೋಳೆ ಜಗ್ಗಿದರ ತಳ ಬದಲಾಗತದ, ಒಪ್ಪಿದೆ. ಕುಳಿ ಅಗಲ ಹೆಂಗ ಬದಲಾಗತದ? ಅದು ಹುಟ್ಟಿನಿಂದ ಬಂದದ್ದಲ್ಲೇನು?"

"ಮಾರ್ಚಿನ್ಯಾಗ ಹಳೇ ಯಂತ್ರ ಇತ್ರೀ. ಅದು ಇಟ್ಟದ್ದು ಒಂದು ಅಡ್ಡಸೀಳಿನ ಚಿತ್ರ, ಒಂದು ಅಂಕಿ, ಅಷ್ಟ. ಸ್ವಲ್ಪ ಓರೆ ಸೀಳಿದ್ರ ಅಗಲ ಕಾಣತದ. ಹೊಸಾದು ರಕ್ತನಾಳದ ನಕ್ಷೆ ಸಮೇತ ಇಡತದ. ನಂಬ್ರಿ ಮೇಡಂ."

ನಂಬ್ರಿ ಎಂದ ಕೂಡಲೇ ನನಗೆ ಮೈಯೆಲ್ಲ ಕಿವಿಯಾಗುತ್ತದೆ. ಯಂತ್ರ ಮಾಡಿದ ಕಂಪನಿಯೂ ಮದ್ದು ಮಾರುವ ಕಂಪನಿಯೂ ಒಂದೇ. ಅಂಕಿ ಏರಿದಷ್ಟೂ ಮದ್ದಿನ ಬಾಟಲಿ ಖರ್ಚು. ಬೇಲಿಯೇ ಹೊಲ ಮೇಯುತ್ತಿದ್ದರೆ? ಕೂಡಲೇ ಕಪಾಟಿನಿಂದ ತಪಾಸಣೆಯ ಹುಸಿಗಣ್ಣನ್ನು ತೆಗೆದೆ. ಅಳತೆ ಗೊತ್ತಿರುವ ಕುಳಿಯನ್ನು ಒಳಗೆ ಕೊರೆದಿಟ್ಟ ಗಾಜಿನ ಗೋಲಿ ಅದು. ಯಂತ್ರದ ಮುಂದೆ ಒಂಬತ್ತು ಸಲ ಇಟ್ಟೆ. ಒಂಬತ್ತೂ ಸಲ ಕೂದಲೆಳೆ ಹೆಚ್ಚುಕಮ್ಮಿಯಿಲ್ಲದೆ ಸರಿಯಾದ ಅಳತೆಯನ್ನೇ ಹೇಳಿತು. ಡಾಕ್ಟರು ಚಹಾ ಕುಡಿಯುತ್ತಾ ನಗುತ್ತಿದ್ದರು.

"ಹತ್ತನೇ ಸಲಾನೂ ನೋಡ್ರಿ, ಮನಸ್ಸಿಗೆ ಸಮಾಧಾನ ಆಗಲಿ."

ನೋಡಿದೆ. ಸರಿಯೇ ಇತ್ತು. ಆ ಮಧ್ಯಾಹ್ನ ಯಂತ್ರವನ್ನು ಗಾಡಿಗೆ ಹಾಕಿ ನವಲಗುಂದದ ಶಿಬಿರಕ್ಕೆ ಕಳಿಸಿದರು. ವಾಪಸು ಬರುವುದು ಗುರುವಾರವೇ. ಯಂತ್ರ ಸುಳ್ಳು ಹೇಳಿಲ್ಲ ಅಂದರೆ ಮನುಷ್ಯರೇ ಹೇಳಿರಬೇಕು.

ಸೋಮವಾರ ಕಾಶವ್ವನನ್ನು ಕರೆಸಿದೆ. ಐವತ್ತೆರಡು ವರ್ಷದ ಗಟ್ಟಿ ಹೆಂಗಸು, ಹಣೆಯ ತುಂಬ ವಿಭೂತಿ. ಕರಿ ಚಂದ್ರಕಾಳಿ ಸೀರೆಯ ಮೇಲೆ ಎಳೆ ಎಣಿಸಿ ಗೋಪುರ ಎಬ್ಬಿಸುವುದರಲ್ಲಿ ಸಂಘದಲ್ಲೇ ಅವಳನ್ನು ಮೀರಿಸುವವರಿಲ್ಲ ಎಂದು ಕೇಳಿದ್ದೆ. ಮುಖ ನೋಡಿದ ನೆನಪಿರಲಿಲ್ಲ. ಶುಕ್ರವಾರ ಕತ್ತಲೆಕೋಣೆಯಲ್ಲಿ ಅರವತ್ತು ಜನರ ಗದ್ದ ಹಿಡಿದು ಕೂರಿಸಿದ್ದೆನಲ್ಲ. ನಾನು ನೋಡುವುದು ಯಂತ್ರದ ತೆರೆಯನ್ನು, ಕಾರ್ಡು ಯಂತ್ರಕ್ಕೆ ಮುಟ್ಟಿಸಿದರೆ ಹಸಿರು ದೀಪ.

ಚೌಕುಳಿಯ ಹಾಳೆ ಕೊಟ್ಟು, ಒಂದು ಕಣ್ಣು ಮುಚ್ಚಿಸಿ ಕೇಳಿದೆ. "ನಡುವಿನ ಚುಕ್ಕಿ ನೋಡು. ಗೆರೆಗಳು ಎಲ್ಲಾದರೂ ಸೊಟ್ಟ ಕಾಣತಾವೇನು?"

"ಇಲ್ಲಬಿಡ್ರಿ. ಎಲ್ಲಾ ನೆಟ್ಟಗ ಅದಾವು. ಈ ಮೂಲಿಯಾಗ ಮಾತ್ರ ಒಂದು ಗೆರಿ ಜರಾ ದಪ್ಪ ಬಿದ್ದೈತಿ, ಅಚ್ಚಿನವರ ತಪ್ಪು."

ಭೂತಗನ್ನಡಿ ಹಿಡಿದು ನೋಡಿದೆ. ನಿಜವಾಗಿಯೂ ದಪ್ಪ ಬಿದ್ದಿತ್ತು. ಮೂರು ವಾರದಲ್ಲಿ ತೂತು ಬೀಳಬೇಕಾದ ಕಣ್ಣು ಇದು!

"ಕಾಶವ್ವಾ, ಯಂತ್ರ ಹೇಳತದ, ನಿನ್ನ ಕಣ್ಣಾಗ ತೂತು ಬೀಳೂ ಹಂಗ ಐತಿ. ಗುರುವಾರ ಇಂಜೆಕ್ಷನ್ ಹಾಕ್ತಾರ."

ಅವಳ ಮುಖ ಬಿಳಿಚಿತು. ಮೇಜಿನ ಅಂಚು ಹಿಡಿದುಕೊಂಡಳು. ಕೇಳಿದಳು: "ಯಾವ ಕಣ್ಣರೀ?"

"ಎಡಗಣ್ಣು."

"ಎಡಗಣ್ಣು," ಎಂದು ಮೆಲ್ಲಗೆ ಹೇಳಿಕೊಂಡಳು. "ಹಾಕಲಿಲ್ಲಂದ್ರ ಪೂರ್ತಿ ಹೊಕ್ಕೈತೇನ್ರೀ?"

ತನ್ನ ಕಣ್ಣಿನ ಸುದ್ದಿ ಕೇಳಿದವರ ಕೈ ತಂತಾನೇ ಕಣ್ಣಿಗೆ ಹೋಗುತ್ತದೆ. ಇವಳ ಕೈ ಹೋಗಲಿಲ್ಲ. ಇವಳು ಬಾಗಿಲಾಚೆ ದಿಟ್ಟಿಸುತ್ತಿದ್ದಳು, ಬೇರೆ ಯಾರದೋ ಸುದ್ದಿ ಕೇಳಿದವಳಂತೆ. ಇದರಲ್ಲಿ ಏನೋ ಮಸಲತ್ತಿದೆ ಎಂದು ನನಗೆ ಅಲ್ಲೇ ಖಾತ್ರಿಯಾಯಿತು.

ಮಂಗಳವಾರ ಹೇಳದೇ ಕೇಳದೇ ಅವಳ ಮನೆಗೆ ಹೋದೆ. ಮೀಟರಿನ ಕಾಲದ ಅಭ್ಯಾಸ. ಹೇಳಿ ಹೋದರೆ ಕಳ್ಳ ಸಿಗುವುದಿಲ್ಲ. ಹೆಬ್ಬಳ್ಳಿ ಅಗಸಿಯ ಹತ್ತಿರದ ಸಣ್ಣ ಓಣಿ. ಹಗಲು ಹನ್ನೊಂದರ ಬಿಸಿಲು ಕಟ್ಟೆಯ ಮೇಲೆ ಬಿದ್ದಿತ್ತು. ಕಟ್ಟೆಯ ಮೇಲೆ ಇಬ್ಬರು ಹೆಂಗಸರು ಒಂದೇ ಕರಿ ಸೀರೆಯನ್ನು ತೊಡೆಯ ಮೇಲೆ ಹರವಿಕೊಂಡು ಎದುರುಬದುರು ಕೂತಿದ್ದರು. ಒಬ್ಬಳು ಕಾಶವ್ವ. ಇನ್ನೊಬ್ಬಳು ಅವಳಿಗಿಂತ ನಾಲ್ಕೈದು ವರ್ಷ ದೊಡ್ಡವಳು, ಸಣಕಲು.

"ಈಕಿ ನಮ್ಮ ನೆಗೆಣ್ಣಿ ಪಾರವ್ವ," ಎಂದಳು ಕಾಶವ್ವ. ಒಂದೇ ಮನೆಯ ಇಬ್ಬರು ಸೊಸೆಯರು. ಎದ್ದು ನಿಂತು ಸೆರಗು ಸರಿಮಾಡಿಕೊಂಡಳು. ಚಹಾ ಮಾಡಲು ಒಳಗೆ ಓಡುವ ಗಡಿಬಿಡಿ ಬೇರೆ.

"ಚಹಾ ಬ್ಯಾಡ. ಕೂಡ್ರು. ನೀವು ಹೊಲಿಯೂದು ನೋಡಬೇಕು ನಾನು."

ಕೂತರು. ಕಸೂತಿಯಲ್ಲಿ ದಾರಕ್ಕೆ ಗಂಟು ಹಾಕುವಂತಿಲ್ಲ. ಸೂಜಿ ಒಂದು ಎಳೆ ಬಿಟ್ಟು ಒಂದು ಎಳೆ ಹಿಡಿದು ಮುಂದೆ ಹೋಗುತ್ತದೆ. ಬಿಟ್ಟ ಜಾಗವನ್ನು ತುಂಬಿಕೊಂಡು ಅದೇ ದಾರಿಯಲ್ಲಿ ವಾಪಸು ಬರಬೇಕು. ಆಗ ಸೀರೆಯ ಎರಡೂ ಬದಿ ಒಂದೇ ರೀತಿ ಕಾಣುತ್ತದೆ. ಈ ಮನೆಯಲ್ಲಿ ಹೋಗುವ ದಾರಿ ಕಾಶವ್ವನದು, ಬರುವ ದಾರಿ ಪಾರವ್ವನದು. ಮೂವತ್ತು ವರ್ಷದಿಂದ ಹಾಗೇ ಅಂತೆ. ಯಾವ ಹೊಲಿಗೆ ಯಾರದು ಎಂದು ಅವರಿಗೇ ಹೇಳಲು ಬರುವುದಿಲ್ಲವಂತೆ.

ಹೇಳಲು ಬರದೇನು! ನಾನು ಸೀರೆಯನ್ನು ಎತ್ತಿ ಬೆಳಕಿಗೆ ಹಿಡಿದೆ. ಹಳೆಯ ಗೋಪುರಗಳು ಮೊಳೆ ಹೊಡೆದಂತೆ ಕೂತಿದ್ದವು. ಹೊಸತರಲ್ಲಿ ಹೋಗುವ ದಾರಿ ಸರಿಯಾಗಿತ್ತು, ಬರುವ ದಾರಿ ನಡುನಡುವೆ ಒಂದು ಎಳೆ ತಪ್ಪಿತ್ತು. ಮುಖ ಎತ್ತಿ ನೋಡಿದರೆ ಪಾರವ್ವ ಎಡಗಣ್ಣು ಕಿರಿದು ಮಾಡಿ, ತಲೆ ವಾರೆ ಮಾಡಿಕೊಂಡು ಸೂಜಿಯನ್ನು ಹುಡುಕುತ್ತಿದ್ದಳು. ಸೂಜಿ ಅವಳ ಬೆರಳಿನಲ್ಲೇ ಇತ್ತು.

"ಪಾರವ್ವಾ, ಬಲಗಣ್ಣು ಮುಚ್ಚಿ ನನ್ನ ಮುಖಾ ನೋಡು. ಏನು ಕಾಣತದ?"

ಅವಳು ಕಾಶವ್ವನ ಕಡೆ ತಿರುಗಿದಳು.

"ಆಕೀನ್ನ ಯಾಕ ನೋಡ್ತಿ? ನನ್ನ ನೋಡು ಅಂದೆ."

"ಕಿವಿ ಕಾಣತಾವ್ರೀ. ಕೂದಲಾ ಕಾಣತಾವು. ನಡುವ... ನಡುವ ಎಲ್ಲಾ ಚುರುಟಿಕೊಂಡು, ಒಬ್ಬರದೂ ಮುಖಾ ಇಲ್ದಂಗ ಕಾಣತೈತ್ರೀ ಯವ್ವಾ," ಎಂದವಳೇ ಬಾಯಿಗೆ ಸೆರಗು ಒತ್ತಿಕೊಂಡು ಅತ್ತುಬಿಟ್ಟಳು.

ಸಿಕ್ಕಿತು! ಕಾಶವ್ವನ ಕಾರ್ಡಿನಲ್ಲಿದ್ದ ಕಣ್ಣು ಪಾರವ್ವನದು. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಹನ್ನೊಂದು ವರ್ಷ ಊರು ತುಂಬ ಕಳ್ಳರನ್ನು ಹಿಡಿದವಳ ಕಣ್ಣೆದುರಿಗೇ, ನಾನೇ ಗದ್ದ ಹಿಡಿದು ಕೂರಿಸಿದ ಕುರ್ಚಿಯ ಮೇಲೇ ಇವರು ನನಗೆ ಮಂಕುಬೂದಿ ಎರಚಿದ್ದರು.

"ನಾಚಿಕಿ ಬರಾಂಗಿಲ್ಲೇನು ನಿಮಗ? ಒಬ್ಬರ ಕಾರ್ಡಿನ್ಯಾಗ ಇನ್ನೊಬ್ಬರು ಕಣ್ಣು ತೋರಸೂದು ಹುಡುಗಾಟಕಿ ಏನು? ಆ ಮದ್ದು ನಿನ್ನ ಒಳ್ಳೇ ಕಣ್ಣಿಗೆ ಬಿದ್ದಿದ್ರ ಏನಾಗ್ತಿತ್ತು ಗೊತ್ತೈತೇನ ಕಾಶವ್ವಾ?"

"ಬೈರ್ರಿ ಬಾಯಾರ, ಬೈರ್ರಿ," ಎಂದಳು ಕಾಶವ್ವ. "ಆದ್ರ ಕೇಳ್ರಿ. ಕಣ್ಣಿಗೆ ನೀವು ಹಾಕೂ ಹನಿ ಇಳಿಯೂತನಕಾ ಎರಡು ದಿನಾ ಎಳಿ ಕಾಣೂದಿಲ್ಲ. ಅವತ್ತ ಮದವಿ ಸೀರಿ ಕೊಡೂದಿತ್ತು. ಬರೂ ದಾರಿ ಆಕೀದು ಮುಗದಿತ್ತು, ತಪ್ಪಿದ ಎಳಿ ತಿದ್ದೂದು ನಂದು ಉಳದಿತ್ತು. ನೀನ ಹೋಗಿ ಬಾ ಪಾರಿ ಅಂದೆ. ಎಲ್ಲಾ ಮನಿಯಾಗೂ ಹಂಗ ಮಾಡ್ತಾರ್ರಿ. ಯಾರ ಕೈ ಖಾಲಿ ಐತಿ ಅವರು ಹೋಗಿ ಬರ್ತಾರ. ಒಲಿ ಒಂದ ಅಂದಮ್ಯಾಲೆ ಕಣ್ಣೂ ಒಂದ ಅಂತ ತಿಳಕೊಂಡಿವ್ರೀ ನಾವು."

ಎಲ್ಲಾ ಮನೆಯಲ್ಲೂ! ನಾನೂರ ಹನ್ನೆರಡು ಕಾರ್ಡಿನಲ್ಲಿ ಯಾವ ಅಂಕಿ ಯಾರದು?

ಕಾಶವ್ವ ನನ್ನ ಕೈ ಹಿಡಿದುಕೊಂಡಳು. "ಗುರುವಾರ ಪಾರೀನ್ನ ನನ್ನ ಕಾರ್ಡಿನ್ಯಾಗ ಕಳಸ್ತೇನ್ರಿ. ಕಣ್ಣು ಕೊಟ್ಟಾಕಿನ ಮದ್ದೂ ತಗೊಳ್ಳಲಿ. ನೀವು ಕಣ್ಣು ಮುಚ್ಚಿದ್ರ ಮುಗೀತು."

"ನನ್ನ ಕೈಯಾಗ ಸುಳ್ಳು ನಡಿಯಾಂಗಿಲ್ಲ. ಮ್ಯಾಲೆ ಕೇಳು, ಆಕಿ ಕೂತರ ಕಾರ್ಡಿನ ಫೋಟೋಕ್ಕೂ ಮುಖಕ್ಕೂ ಹೊಂದೂದಿಲ್ಲ, ಮದ್ದಿನ ದಿನ ಡಾಕ್ಟರು ಖುದ್ದು ನೋಡ್ತಾರ. ನೀ ಕೂತರ ಯಂತ್ರ ಕಣ್ಣಿನ ನರಾ ನೋಡಿ ಇದು ಆ ಕಣ್ಣಲ್ಲ ಅಂತದ. ಯಾರು ಕೂತರೂ ಸಿಕ್ಕೀರಿ."

"ಕೂಡಲಿಲ್ಲಂದ್ರ ಕಾರ್ಡು ಬಂದ್."

"ಹೌದು."

"ಪಾರಿ ಕಣ್ಣು?"

ಚಪ್ಪಲಿ ಮೆಟ್ಟಿಕೊಂಡು ಬಂದುಬಿಟ್ಟೆ. ಓಣಿಯ ತಿರುವಿನ ತನಕ ಪಾರವ್ವನ ಅಳು ಕೇಳಿಸುತ್ತಿತ್ತು.

ಬುಧವಾರ ಸಂಘದ ಮುಖ್ಯ ಕಚೇರಿಗೆ ಫೋನ್ ಮಾಡಿ, ಯಾರದೋ ಸಂಗತಿ ಎಂಬಂತೆ ವಿಚಾರಿಸಿದೆ. ಕಾರ್ಡಿಲ್ಲದ ಹೆಂಗಸಿಗೆ ಮದ್ದು ಬೇಕಾದರೆ? ಬೇರೆ ಒಲೆ ಹೂಡಿ ಅರ್ಜಿ ಹಾಕಬೇಕು, ತೊಂಬತ್ತು ದಿನ. ತುರ್ತು ಇದ್ದರೆ? ತುರ್ತು ಇದ್ದರೂ ತೊಂಬತ್ತು ದಿನ. ಫೋನಿನ ಆಚೆಗಿದ್ದ ಹುಡುಗಿ, "ಯಾರಾದ್ರೂ ಕಾರ್ಡು ಅದಲುಬದಲು ಮಾಡ್ಯಾರೇನ್ರಿ ಮೇಡಂ? ಹೆಸರು ಹೇಳ್ರಿ," ಎಂದಳು. ಅವಳ ದನಿಯಲ್ಲಿ ನನ್ನ ದನಿಯೇ ಕೇಳಿಸಿತು. ಸುಮ್ಮನೆ ಕೇಳಿದೆ ಎಂದು ಫೋನಿಟ್ಟೆ.

ಆಮೇಲೆ ನಿಯಮಾವಳಿಯ ಪುಸ್ತಕ ಬಿಚ್ಚಿದೆ. ಇಡೀ ಪುಸ್ತಕದಲ್ಲಿ ನನಗೆ ಬೇಕಾದದ್ದು ಒಂದೇ ಕಡೆ ಇತ್ತು, ನಲವತ್ತೊಂದನೆಯ ಪುಟದಲ್ಲಿ: ಸಿಬ್ಬಂದಿಯ ತಪ್ಪಿನಿಂದ ಒಬ್ಬರ ಕಣ್ಣು ಇನ್ನೊಬ್ಬರ ಕಾರ್ಡಿಗೆ ದಾಖಲಾಗಿದ್ದರೆ, ಆ ಕಣ್ಣಿನವರಿಗೆ ಮದ್ದು ತಡೆಯುವಂತಿಲ್ಲ; ಸಿಬ್ಬಂದಿಯನ್ನು ಯಂತ್ರದಿಂದ ಕಾಯಂ ತೆಗೆಯತಕ್ಕದ್ದು; ಆ ಕೇಂದ್ರದ ಎಲ್ಲ ಮನೆಗಳ ಎಲ್ಲ ಹೊಲಿಗೆಯವರನ್ನೂ, ಕಾರ್ಡು ಇರಲಿ ಬಿಡಲಿ, ಮತ್ತೆ ತಪಾಸಣೆ ಮಾಡತಕ್ಕದ್ದು. ಪುಸ್ತಕ ಮುಚ್ಚಿಟ್ಟೆ. ನನ್ನ ತಪ್ಪೇನಿದೆ ಇದರಲ್ಲಿ? ಹನ್ನೊಂದು ವರ್ಷ ಮೀಟರಿನಲ್ಲಿ, ಒಂದು ವರ್ಷ ಕಣ್ಣಿನಲ್ಲಿ, ನನ್ನ ಹೆಸರಿನ ಮುಂದೆ ಒಂದು ಕೆಂಪು ಗೆರೆ ಬಿದ್ದಿರಲಿಲ್ಲ.

ಮನೆಯಲ್ಲಿ ಅವ್ವ ಹೆಸರುಬೇಳೆ ಆರಿಸುತ್ತಾ ಕೂತಿದ್ದಳು. ಎಂಬತ್ತೊಂದು ವರ್ಷ, ಬಾಯಿ ಮಾತ್ರ ಇಪ್ಪತ್ತರದು.

"ಯಾಕ, ಇವತ್ತ ಯಾರೂ ಸಿಗಲಿಲ್ಲೇನು? ಮಾರಿ ಸಣ್ಣ ಆಗೇದ."

"ಸಿಕ್ಕಾರ. ಸಿಕ್ಕದ್ದಕ್ಕ ಹಿಂಗಾಗೇದ," ಎಂದು ಎಲ್ಲ ಹೇಳಿದೆ.

ಅವ್ವ ಬೇಳೆಯ ಮೊರ ಕೆಳಗಿಟ್ಟಳು. "ನಿಮ್ಮ ಮಾವನ ಮೀಟರ್ ಹಿಡದಿ. ಅದು ಚಲೋ ಆತು ಅಂತ ನಾ ಆವತ್ತೂ ಅಂದೆ, ಇವತ್ತೂ ಅಂತೀನಿ. ಕದ್ದದ್ದು ಕದ್ದದ್ದ. ಆದರ ಈ ಹೆಣ್ಣಮಕ್ಕಳು ಏನ ಕದ್ದಾರ ಹೇಳು?"

"ಸುಳ್ಳು ಹೇಳ್ಯಾರವ್ವ."

"ಅದು ಹೌದು. ಏನ ಕದ್ದಾರ ಅದನ್ನ ಹೇಳು."

ನಾನು ಎದ್ದು ಒಳಗೆ ಹೋದೆ. ಹಿಂದಿನಿಂದ ಅವ್ವ ಗೊಣಗುತ್ತಿದ್ದಳು. ಅವಳ ಮೇಲೂ ಸಿಟ್ಟು ಬಂತು.

ಗುರುವಾರ ಬೆಳಗ್ಗೆ ಹತ್ತಕ್ಕೆ ಇಬ್ಬರೂ ಬಂದರು. ಪಾರವ್ವ ಹೊರಗಿನ ಬೆಂಚಿನ ಮೇಲೆ ಕೂತಳು. ಕಾಶವ್ವ ಸೀದಾ ಒಳಗೆ ಬಂದು ಕಾರ್ಡು ಮುಟ್ಟಿಸಿ ಕುರ್ಚಿಯ ಮೇಲೆ ಕೂತುಬಿಟ್ಟಳು. ನಾನು ಹತ್ತಿರ ಹೋಗಿ ಪಿಸುಗುಟ್ಟಿದೆ: "ಏಳು ಮ್ಯಾಲೆ. ಹುಚ್ಚು ಹಿಡದೈತೇನ ನಿನಗ?"

"ನನ್ನ ಕಣ್ಣಿಗೇ ಹಾಕಲಿ ಬಿಡ್ರಿ. ಕಾರ್ಡರ ಉಳೀತೈತಿ. ಕಾರ್ಡು ಉಳಿದ್ರ ದುಡಿದ ರೊಕ್ಕದಾಗ ಆಕಿಗೆ ಬ್ಯಾರೆ ಕಡೆ ತೋರಸಾಕ ಬರತೈತಿ."

"ಯಂತ್ರ ಬಿಡಾಂಗಿಲ್ಲ ಅಂತ ಹೇಳಿದ್ದೆನಲ್ಲ!"

"ನೋಡೂಣು," ಎಂದು ಗದ್ದವನ್ನು ಪಟ್ಟಿಯ ಮೇಲೆ ಇಟ್ಟಳು.

ಡಾಕ್ಟರು ಕೈಗವಸು ಹಾಕಿಕೊಂಡು ಬಂದರು. ಮದ್ದಿನ ಪುಟ್ಟ ಬಾಟಲಿ ತಟ್ಟೆಯ ಮೇಲಿತ್ತು. ಯಂತ್ರ ಕಣ್ಣನ್ನು ಓದಿತು. ಯಂತ್ರದ ತೆರೆಯ ಮೇಲೆ ಅಗಲವಾದ ತಟ್ಟೆಯಂಥ ಕುಳಿ ಮೂಡಿತು. ಚೆಂದದ, ಆರೋಗ್ಯವಾದ ಕುಳಿ. ಕೆಂಪು ದೀಪ ಹತ್ತಿತು. 'ದಾಖಲೆಯ ಕಣ್ಣು ಇದಲ್ಲ.'

ಡಾಕ್ಟರು ಕಾರ್ಡಿನ ಫೋಟೋ ನೋಡಿದರು, ಕಾಶವ್ವನನ್ನು ನೋಡಿದರು. "ಮುಖಾ ಇವರದ ಐತಿ. ಹಂಗಾರ ಹ್ವಾದ ಶುಕ್ರವಾರ ಕೂತವರು ಯಾರು?" ಅವರ ದನಿ ಗಡುಸಾಯಿತು. "ಏನವ್ವಾ, ಬ್ಯಾರೆಯವರನ್ನ ಕಳಿಸಿದ್ದಿ ಏನು?"

ಕಾಶವ್ವ ಬಾಯಿ ತೆರೆದಳು. ಅವಳು ಏನು ಹೇಳುತ್ತಿದ್ದಳೋ, ಅಷ್ಟರಲ್ಲಿ ನನ್ನ ಬಾಯಿಂದ ಮಾತು ಬಿದ್ದುಹೋಗಿತ್ತು.

"ಆಕಿ ಕಳಿಸಿಲ್ರೀ. ತಪ್ಪು ನಂದು."

"ಅಂದ್ರ?"

"ಶುಕ್ರವಾರ ಇಬ್ಬರೂ ಬಂದಿದ್ದರು. ಈಕಿ ಕಾರ್ಡು ಮುಟ್ಟಿಸಿದಳು. ನಾನು ಗಡಿಬಿಡಿಯಾಗ ಈಕಿ ನೆಗೆಣ್ಣೀನ್ನ ಕುರ್ಚಿ ಮ್ಯಾಲೆ ಕೂಡಿಸಿದೆ. ಮುಖಾ ನೋಡಲಿಲ್ಲ. ಆ ಎಪ್ಪತ್ತೆಂಟು ಪಾರವ್ವನ ಕಣ್ಣು. ಹೊರಗ ಕೂ‌ತಾಳ, ಒಳಗ ಕರೀತೇನಿ."

ಡಾಕ್ಟರು ನನ್ನನ್ನೇ ನೋಡುತ್ತಾ ನಿಂತರು. ಯಂತ್ರವನ್ನು ನಂಬುವ ಆ ಹುಡುಗನ ಕಣ್ಣಲ್ಲಿ ಮೊದಲ ಸಲ ಅನುಮಾನ ಕಂಡೆ. "ನೀವು? ಹತ್ತು ಸಲ ಹುಸಿಗಣ್ಣು ಇಟ್ಟು ನೋಡಿದವರು, ಮುಖಾ ನೋಡಲಿಲ್ಲಾ?"

"ನೋಡಲಿಲ್ಲ," ಎಂದೆ. ಅಷ್ಟಂತೂ ನಿಜವಾಗಿತ್ತು. "ನಲವತ್ತೊಂದನೇ ಪುಟಾ ತಗೀರಿ. ಮದ್ದು ತಡಿಯೂ ಹಂಗಿಲ್ಲ."

ಪಾರವ್ವನನ್ನು ಕೂರಿಸಿದೆವು. ಯಂತ್ರ ಓದಿತು. ಒರಳುಗುಂಡಿಯ ಕುಳಿ, ತೆಳುವಾದ ತಳ, ಜಗ್ಗುವ ಎಳೆ. ಹಸಿರು ದೀಪ: 'ದಾಖಲೆಯ ಕಣ್ಣು ಇದೇ.' ಅಂಕಿ ಎಂಬತ್ತಮೂರಕ್ಕೆ ಏರಿತ್ತು. ಡಾಕ್ಟರು ಇನ್ನೇನೂ ಕೇಳಲಿಲ್ಲ. ಕಣ್ಣು ಮರಗಟ್ಟಿಸುವ ಹನಿ ಹಾಕಿ, ಸೂಜಿ ಎತ್ತಿಕೊಂಡರು. ಪಾರವ್ವ ನನ್ನ ಮುಂಗೈಯನ್ನು ಎಷ್ಟು ಗಟ್ಟಿಯಾಗಿ ಹಿಡಿದಳೆಂದರೆ ಅವಳ ಉಗುರು ಮೂಡಿದ್ದು ಮೂರು ದಿನ ಹೋಗಲಿಲ್ಲ.

ಮುಂದಿನ ವಾರ ವಿಚಾರಣೆ. ಮುಖ್ಯ ಕಚೇರಿಯಿಂದ ಬಂದ ಅಧಿಕಾರಿ ನನ್ನ ಎದುರಿಗೆ ಕೂತು, ಎರಡು ತಾಸು ನನ್ನನ್ನು ಬಗೆದು ನೋಡಿದ. ಆ ಕಲೆ ನನಗೆ ಗೊತ್ತು. ಒಂದೇ ಪ್ರಶ್ನೆಯನ್ನು ಮೂರು ದಿಕ್ಕಿನಿಂದ ಕೇಳುವುದು, ನಡುವೆ ಸುಮ್ಮನಾಗಿ ಎದುರಿನವರನ್ನು ಮಾತಾಡಿಸುವುದು.

"ಎಷ್ಟು ವರ್ಷದಿಂದ ಗುರುತು ಆ ಹೆಂಗಸರದು?"

"ಗುರುತಿಲ್ಲ."

"ಮಂಗಳವಾರ ಅವರ ಮನಿಗೆ ಹೋಗಿದ್ರಂತ. ಬುಧವಾರ ಕಚೇರಿಗೆ ಫೋನು. ಗುರುವಾರ ತಪ್ಪೊಪ್ಪಿಗಿ. ಏನ್ ಕೊಟ್ಟರು? ಸೀರಿ?"

"ಏನೂ ಕೊಟ್ಟಿಲ್ಲ."

"ಏನೂ ತಗೊಳ್ಳದ ಯಾರರ ಕೆಲಸ ಕಳಕೊಳ್ತಾರೇನ್ರಿ? ನಾ ನಂಬಬೇಕಾ?"

ಅವನ ಜಾಗದಲ್ಲಿ ನಾನಿದ್ದರೆ ನಾನೂ ನಂಬುತ್ತಿರಲಿಲ್ಲ. ಒಳಗೊಳಗೇ ಅವನಿಗೆ ಶಹಬ್ಬಾಸ್ ಎಂದೆ. ನಾನು ನಿಷ್ಕಾಳಜಿಯವಳೆಂದು, ಮುಖ ನೋಡದೆ ಜನರನ್ನು ಕುರ್ಚಿಗೆ ಏರಿಸಿದವಳೆಂದು, ನನಗೆ ಈ ಕೆಲಸಕ್ಕೆ ಯೋಗ್ಯತೆಯಿಲ್ಲವೆಂದು ಮತ್ತೆ ಮತ್ತೆ ಹೇಳಿ ಅವನನ್ನು ಒಪ್ಪಿಸಬೇಕಾಯಿತು. ಕೊನೆಗೆ ಅವನು ಕಾಗದ ಮುಂದೆ ತಳ್ಳಿದ, ನಾನು ಸಹಿ ಹಾಕಿದೆ. ಒಪ್ಪಿದನೇ? ಗೊತ್ತಿಲ್ಲ. "ನೋಡ್ತೇನಿ," ಎಂದಷ್ಟೇ ಹೇಳಿದ.

ಮರುತಪಾಸಣೆ ಶುರುವಾದ ದಿನ ಕೀಲಿಕೈ ಒಪ್ಪಿಸಲು ಹೋದೆ. ಅಂಗಳದ ತುಂಬ ಹೆಣ್ಣುಮಕ್ಕಳು. ಅತ್ತೆಯರು, ಸೊಸೆಯರು, ನೆಗೆಣ್ಣಿಯರು, ನಾದಿನಿಯರು. ಹೊಲಿಯುವವರೆಲ್ಲ ಬರಬೇಕೆಂದು ಆಜ್ಞೆಯಾಗಿತ್ತು. ಅರ್ಧಕ್ಕರ್ಧ ಜನಕ್ಕೆ ಇದೇ ಮೊದಲ ಸಲ ತಮ್ಮ ಹೆಸರಿನಲ್ಲಿ ಕಣ್ಣು ತೋರಿಸುವ ಯೋಗ. ನನ್ನನ್ನು ನೋಡಿದ್ದೇ ಗುಸುಗುಸು ಎದ್ದಿತು. "ಈಕೀನ ನೋಡ, ಕಣ್ಣು ಅದಲುಬದಲು ಮಾಡಿದಾಕಿ." "ಮಂದೀನ್ನ ಕಳ್ಳರು ಅಂತಿದ್ಲು, ತನ್ನ ತಟ್ಟಿಯೊಳಗ ಹೆಗ್ಗಣ ಸತ್ತಿತ್ತು." ಹೇಳಲಿ ಬಿಡು ಎಂದುಕೊಂಡು ತಲೆ ತಗ್ಗಿಸಿ ನಡೆದೆ.

ಸಾಲಿನ ನಡುವಿನಿಂದ ಕಾಶವ್ವ ಹೊರಬಂದು ನನಗೆ ಅಡ್ಡ ನಿಂತಳು. ಪಕ್ಕದಲ್ಲಿ ಪಾರವ್ವ, ಎಡಗಣ್ಣಿಗೆ ಹಸಿರು ಬಟ್ಟೆ. ಮಹಡಿಯ ಕಿಟಕಿಯಲ್ಲಿ ಆ ಅಧಿಕಾರಿ ನಿಂತು ನೋಡುತ್ತಿದ್ದ. ಕಾಶವ್ವ ಅವನನ್ನೊಮ್ಮೆ ನೋಡಿದಳು, ನನ್ನನ್ನೊಮ್ಮೆ ನೋಡಿದಳು. ಆಮೇಲೆ ಸೊಂಟಕ್ಕೆ ಸೆರಗು ಸಿಗಿಸಿ ಶುರುಮಾಡಿದಳು.

"ಕಣ್ಣಂದ್ರ ಹುಡುಗಾಟಕಿ ಅಂತ ತಿಳಿದೀಯೇನ ನೀನು? ಒಂದೀಟ ಹೆಚ್ಚುಕಮ್ಮಿ ಆಗಿದ್ರ ನಮ್ಮ ಪಾರಿ ಕಣ್ಣು ಮಣ್ಣು ಪಾಲಾಗ್ತಿತ್ತು! ನನ್ನ ಒಳ್ಳೇ ಕಣ್ಣಿಗೆ ಸೂಜಿ ಚುಚ್ಚಾಕ ಹೊಂಟಿದ್ದಿಯಲ್ಲ, ನಿನ್ನ ಕೈ ಸೇದಿಹೋಗಲಿ! ಮಂದಿ ಮನಿ ಮೀಟರಾ ನೋಡಾಕ ಬರತೈತಿ, ಮನಿಶ್ಯಾರ ಮಾರಿ ನೋಡಾಕ ಬರಾಂಗಿಲ್ಲ?"

ಸಾಲೆಲ್ಲ ಹೌದ್ಹೌದೆಂದಿತು. ಅವಳು ಯಾಕೆ ಬೈಯುತ್ತಿದ್ದಾಳೆಂದು ನನಗೆ ಗೊತ್ತಿತ್ತು. ಬೈಯದಿದ್ದರೆ ಕಾರ್ಡು ಹೋಗುತ್ತದೆ. ಬರೀ ಅವಳದಲ್ಲ, ಆ ಅಂಗಳದಲ್ಲಿ ನಿಂತ ಎಷ್ಟೋ ಮನೆಗಳದು. ಗೊತ್ತಿದ್ದರೂ ಮಾತು ಚುಚ್ಚಿತು. ನಾಲ್ಕು ಜನರ ಮುಂದೆ ಅಂಥ ಮಾತು ನಾನು ಯಾವತ್ತೂ ಕೇಳಿಸಿಕೊಂಡವಳಲ್ಲ, ಬೇರೆಯವರಿಗೆ ಅಂದವಳು. ಪಾರವ್ವ ಅಳುತ್ತಾ ಅವಳ ತೋಳು ಜಗ್ಗಿದಳು. ಕಾಶವ್ವ ಕೊಡವಿಕೊಂಡಳು.

"ಮಾತಾಡ! ಬಾಯಾಗ ನಾಲಿಗಿ ಇಲ್ಲೇನು?"

"ತಪ್ಪಾತವ್ವಾ," ಎಂದೆ. "ನಂದ ತಪ್ಪು."

ಕಾಶವ್ವ ಬೈಯುವುದನ್ನು ನಿಲ್ಲಿಸಿದಳು. ಕಣ್ಣು ತುಂಬಿ ಬಂದಿತ್ತು. ನೋಡಿದವರು ಸಿಟ್ಟು ಎಂದುಕೊಂಡಿರಬೇಕು. ಮೇಲೆ ಕಿಟಕಿಯಲ್ಲಿದ್ದವನು ಇನ್ನೂ ಅಲ್ಲೇ ಇದ್ದ.

ನಾನು ಒಂದು ಹೆಜ್ಜೆ ಮುಂದೆ ಬಂದು ಅವಳಿಗಷ್ಟೇ ಕೇಳುವಂತೆ ಹೇಳಿದೆ: "ಸಾಲದು. ಇನ್ನೊಂದೀಟ ಬೈ."

ಕಾಶವ್ವ ಬೈದಳು.